ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮಿರ್ಚಿ ಭಜಿಯ ವಾಸನೆ ಬಂದರೆ ಈಗ ನನಗೆ ಹೇಸಿಗೆಯಾಗುತ್ತದೆ. ಧಾರವಾಡದಲ್ಲಿ ಹುಟ್ಟಿ ಬೆಳೆದವನೊಬ್ಬ ಹೀಗೆ ಹೇಳಿದರೆ ಊರವರು ಇವನಿಗೆ ತಲೆ ಕೆಟ್ಟಿದೆ ಎಂದಾರು. ಕೆಟ್ಟಿಲ್ಲ. ತಪ್ಪು ಮಿರ್ಚಿಯದೂ ಅಲ್ಲ, ನನ್ನದು. ಆದರೆ ಮನುಷ್ಯ ತನ್ನ ಮೇಲೆ ತಾನೇ ಎಷ್ಟು ದಿನ ಹೇಸಿಕೊಂಡಾನು? ಸ್ವಲ್ಪ ಭಾಗವನ್ನು ಮೆಣಸಿನಕಾಯಿಯ ಮೇಲೆ ಹಾಕಿ ಹಗುರಾಗಿದ್ದೇನೆ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನನ್ನದು ಸಾಫ್ಟ್‌ವೇರ್ ಕೆಲಸ. ಮನೆಯಿಂದ ಟ್ರಾಮ್ ಹಿಡಿದರೆ ಕೊನೆಯ ನಿಲ್ದಾಣದ ಹತ್ತಿರ ಒಂದು ಟೆನಿಸ್ ಕ್ಲಬ್ಬಿದೆ. ಕೆಂಪು ಮಣ್ಣಿನ ಆರು ಅಂಕಣ, ಒಂದು ಮರದ ಕಟ್ಟಡ, ಅದರೊಳಗೆ ಅಡುಗೆಮನೆ ಮತ್ತು ಯಾವತ್ತೂ ಖಾಲಿಯಾಗದ ಬಿಯರ್ ಫ್ರಿಜ್ಜು. ನನ್ನ ಆಟ ಹೇಳಿಕೊಳ್ಳುವಂಥದ್ದಲ್ಲ. ಆದರೂ ಕ್ಲಬ್ಬಿನ ಮೊದಲ ತಂಡಕ್ಕೆ ನನ್ನನ್ನೇ ಕ್ಯಾಪ್ಟನ್ ಮಾಡಿದರು, ಏಕೆಂದರೆ ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು. ಕ್ಯಾಪ್ಟನ್ ಆದವನು ಆಡಬೇಕಿಲ್ಲ. ಆಟಗಾರರಿಗೆ ಮೆಸೇಜು ಹಾಕಬೇಕು, ಚೆಂಡಿನ ಡಬ್ಬಿ ತರಬೇಕು, ಫಲಿತಾಂಶದ ಹಾಳೆ ತುಂಬಿ ಸಹಿ ಮಾಡಬೇಕು, ಎಲ್ಲ ಮುಗಿದ ಮೇಲೆ ಎದುರು ತಂಡದವರನ್ನು ಕೂರಿಸಿ ಊಟ ಹಾಕಬೇಕು. ಬಂದವರಿಗೆ ಉಣ್ಣಿಸದೆ ಕಳಿಸಿದ ಕ್ಲಬ್ಬಿನ ಹೆಸರು ಇಲ್ಲಿ ವರ್ಷಗಟ್ಟಲೆ ಕೆಟ್ಟಿರುತ್ತದೆ. ಇದೊಂದು ವಿಷಯದಲ್ಲಿ ಜರ್ಮನರೂ ನಮ್ಮವರೂ ಬೀಗರಾಗಬಹುದು.

ಭಾನುವಾರದ ಪಂದ್ಯದಲ್ಲಿ ಮೊದಲು ಆರು ಸಿಂಗಲ್ಸ್, ಆಮೇಲೆ ಮೂರು ಡಬಲ್ಸ್. ಒಂಬತ್ತರಲ್ಲಿ ಐದು ಗೆದ್ದವರು ಗೆದ್ದಂತೆ. ಗೆಲ್ಲಲೇಬೇಕೆಂಬ ಹಟವಿರುವ ಕ್ಲಬ್ಬುಗಳು ಪಕ್ಕದ ಜೆಕ್ ದೇಶದಿಂದ ವೃತ್ತಿಪರ ಆಟಗಾರರನ್ನು ಭಾನುವಾರದ ಮಟ್ಟಿಗೆ ಕರೆಸಿಕೊಳ್ಳುತ್ತವೆ. ನಮಗೂ ಒಬ್ಬ ಸಿಕ್ಕಿದ್ದ. ನಲವತ್ತರ ಹತ್ತಿರದ ವಯಸ್ಸು, ಉದ್ದ ತೋಳು, ಮಾತು ಕಡಿಮೆ. ಡಬಲ್ಸ್ ಮಾತ್ರ ಆಡುತ್ತಿದ್ದ. ಶನಿವಾರ ಸಂಜೆ ಅವನನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರುವುದು, ಭಾನುವಾರ ಮತ್ತೆ ಹತ್ತಿಸುವುದು ನನ್ನ ಪಾಲಿಗೆ ಬಂದಿತ್ತು. ಮೂರು ಬೇಸಿಗೆ ಹೀಗೆ ಕಾರಿನಲ್ಲಿ ಕೂತು, ಇಬ್ಬರೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಮಾತಾಡಿ, ಅವನ ಬದುಕು ನನಗೆ ತಿಳಿಯಿತು.

ಆರನೆಯ ವಯಸ್ಸಿನಿಂದ ರ್‍ಯಾಕೆಟ್ ಹಿಡಿದವನು. ಹತ್ತೊಂಬತ್ತರಲ್ಲಿ ಹೆಗಲು ಹೋಯಿತು. ಸಿಂಗಲ್ಸಿಗೆ ಬೇಕಾದ ಸರ್ವ್ ಆಮೇಲೆ ಬರಲೇ ಇಲ್ಲ. ಉಳಿದದ್ದು ಡಬಲ್ಸ್. ಟೆನಿಸ್ಸಿನಲ್ಲಿ ಡಬಲ್ಸ್ ಎಂದರೆ ತಟ್ಟೆಯಂಚಿನ ಉಪ್ಪಿನಕಾಯಿ, ಇದ್ದರೆ ಇರಲಿ ಎನ್ನುವಂಥದ್ದು. ನೋಡುವವರು ಬರುವುದು ಸಿಂಗಲ್ಸಿಗೆ. ಡಬಲ್ಸ್ ಶುರುವಾಗುವಾಗ ಎದ್ದು ಕಾಫಿಗೆ ಹೋಗುತ್ತಾರೆ. ಟರ್ಕಿ, ಇಟಲಿ, ಉಜ್ಬೆಕಿಸ್ತಾನ ಎಂದು ಅವನು ಸುತ್ತಿದ್ದೆಲ್ಲ ಸಣ್ಣ ಟೂರ್ನಿಗಳು. ಜೊತೆಗಾರರನ್ನು ಮೆಸೇಜಿನಲ್ಲಿ ಹುಡುಕಬೇಕು: ಮುಂದಿನ ವಾರ ಖಾಲಿ ಇದ್ದೀಯಾ? ಇದ್ದೇನೆ ಎಂದವನು ತನಗಿಂತ ಮೇಲಿನವನು ಕರೆದರೆ ರಾತ್ರೋರಾತ್ರಿ ಬಿಟ್ಟುಹೋಗುತ್ತಾನೆ. ಅವನನ್ನು ಹಾಗೆ ಬಿಟ್ಟುಹೋದವರನ್ನು ಎಣಿಸಲು ಎರಡು ಕೈಯ ಬೆರಳು ಸಾಲದು. ಅವನು ಯಾರನ್ನಾದರೂ ಬಿಟ್ಟನೇ ಎಂದು ಕೇಳಿದೆ. "ಒಬ್ಬನನ್ನು ಬಿಟ್ಟೆ. ಈಗಲೂ ಮಾತಾಡಿಸುವುದಿಲ್ಲ ಅವನು" ಎಂದು ಕಿಟಕಿಯ ಹೊರಗೆ ನೋಡಿದ.

ಒಮ್ಮೆ ಮಾತ್ರ ಬಹಳ ದೊಡ್ಡ ಟೂರ್ನಿಯೊಂದರ ಮೊದಲ ಸುತ್ತು ಆಡಿದ್ದನಂತೆ. ಮೂಲೆಯ ಅಂಕಣ. ನೋಡಲು ಕೂತವರು ಇಬ್ಬರು, ಅದರಲ್ಲಿ ಒಬ್ಬ ಮುಂದಿನ ಪಂದ್ಯಕ್ಕೆ ಜಾಗ ಹಿಡಿದುಕೊಂಡಿದ್ದವನು.

ನಮ್ಮ ಧಾರವಾಡಕ್ಕೂ ಬಂದಿದ್ದನೆಂದು ಗೊತ್ತಾದಾಗ ನಾನು ಕಾರನ್ನೇ ಪಕ್ಕಕ್ಕೆ ಹಾಕಿದ್ದೆ. ಯಾವುದೋ ಸಣ್ಣ ಟೂರ್ನಿ, ಮೊದಲ ಸುತ್ತಿನಲ್ಲೇ ಸೋಲು. ಊರಿನ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ, ಆದರೆ ಸೋತ ಸಂಜೆ ರಸ್ತೆ ಬದಿಯ ಗಾಡಿಯಲ್ಲಿ ತಿಂದ ಹಿಟ್ಟು ಹಚ್ಚಿ ಕರಿದ ಮೆಣಸಿನಕಾಯಿ ಚೆನ್ನಾಗಿ ನೆನಪಿತ್ತು. ಕಣ್ಣಲ್ಲಿ ನೀರು ಬರುವಷ್ಟು ಖಾರ, ಆದರೂ ಮೂರು ತಿಂದೆ ಎಂದ. ನನಗೆ ಎದೆ ಉಬ್ಬಿತು. ನೀನು ಆಟ ಬಿಡುವ ದಿನ ನನ್ನ ಹೆಂಡತಿಯ ಕೈಯಿಂದ ಬಿಸಿಬಿಸಿ ಮಿರ್ಚಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ. ಹಾಗೆ ನೋಡಿದರೆ ಎಲ್ಲ ಕೆಟ್ಟದ್ದೂ ಒಳ್ಳೆಯ ಮನಸ್ಸಿನಿಂದಲೇ ಶುರುವಾಯಿತು. ಅದೇ ಅಸಹ್ಯ.

ಆ ದಿನ ಬಂತು. ಬೇಸಿಗೆಯ ಕೊನೆಯ ಭಾನುವಾರ, ನಮ್ಮದೇ ಅಂಗಳದಲ್ಲಿ ಪಂದ್ಯ. ಅವನ ಮೊಣಕಾಲು ಇನ್ನು ಸಾಕು ಎಂದಿತ್ತು. ಇದಾದ ಮೇಲೆ ತನ್ನೂರಿನ ಅಂಗಡಿಯೊಂದರಲ್ಲಿ ರ್‍ಯಾಕೆಟ್ಟಿಗೆ ತಂತಿ ಕಟ್ಟುವ ಕೆಲಸ ಗೊತ್ತಾಗಿತ್ತು. ಈ ಸಲ ಅವನು ರೈಲಿನಲ್ಲಿ ಬರಲಿಲ್ಲ. ಒಂಬತ್ತು ವರ್ಷದ ಮಗಳನ್ನು ಕೂರಿಸಿಕೊಂಡು ಬೆಳಗಿನ ಜಾವವೇ ಹೊರಟು ಕಾರು ಓಡಿಸಿಕೊಂಡು ಬಂದಿದ್ದ. ಆ ಮಗು ಅಪ್ಪನ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿರಲಿಲ್ಲ. ಅಪ್ಪ ಎಂದರೆ ಬ್ಯಾಗು ಹೊತ್ತು ಹೋಗುವವನು, ಅಷ್ಟೇ ಅದಕ್ಕೆ ಗೊತ್ತಿದ್ದದ್ದು. "ಇವತ್ತು ನೋಡುತ್ತಾಳೆ. ಇವತ್ತು ನೋಡದಿದ್ದರೆ ಆಯಿತು, ಇನ್ನಿಲ್ಲ" ಎಂದು ಅವನು ನನಗೆ ಬಂದಕೂಡಲೇ ಹೇಳಿದ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ಇಲ್ಲ.

ಹುಡುಗಿ ಅಂಕಣದ ಪಕ್ಕದ ಬೆಂಚಿನಲ್ಲಿ ಕೂತಿತು. ಸಿಂಗಲ್ಸ್ ಒಂದೊಂದಾಗಿ ನಡೆದವು. ಅವನು ಕಟ್ಟಡದ ಹಿಂದೆ ಒಬ್ಬನೇ ಮೈ ಬಿಸಿ ಮಾಡಿಕೊಳ್ಳುತ್ತಿದ್ದ, ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ.

ಆರನೆಯ ಸಿಂಗಲ್ಸ್ ಮುಗಿದಾಗ ನಾವು ಐದು, ಅವರು ಒಂದು. ಪಂದ್ಯ ಗೆದ್ದಾಗಿತ್ತು. ಇಂಥ ಹೊತ್ತಿನಲ್ಲಿ ಇಲ್ಲೊಂದು ರೂಢಿಯಿದೆ. ಫಲಿತಾಂಶ ತೀರ್ಮಾನವಾದ ಮೇಲೆ ಬಿಸಿಲಿನಲ್ಲಿ ಮತ್ತೆರಡು ತಾಸು ಡಬಲ್ಸ್ ಆಡಿ ಸಾಯುವುದೇಕೆ ಎಂದು ಎರಡೂ ಕಡೆಯ ಕ್ಯಾಪ್ಟನ್ನುಗಳು ಒಪ್ಪಿಕೊಂಡು, ಆಡದ ಆಟಗಳಿಗೆ ಬಾಯಿಗೆ ಬಂದ ಅಂಕ ಬರೆದು, ಸಹಿ ಹಾಕಿ ಊಟಕ್ಕೆ ಕೂರುತ್ತಾರೆ. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ನಿಯಮ ಎಂದರೆ ಪ್ರಾಣ ಬಿಡುವ ಈ ಜನ, ಕಸವನ್ನು ನಾಲ್ಕು ಬಣ್ಣದ ಡಬ್ಬಿಗೆ ಬೇರೆ ಬೇರೆ ಹಾಕುವ ಜನ, ಹಸಿವಾದಾಗ ಸುಳ್ಳು ಅಂಕ ಬರೆಯಲು ಒಂದು ಕ್ಷಣ ಯೋಚಿಸುವುದಿಲ್ಲ. ಎದುರು ತಂಡದ ಕ್ಯಾಪ್ಟನ್, ಹೊಟ್ಟೆ ಮೇಲಿನ ಅಂಗಿ ಬೆವರಿನಲ್ಲಿ ನೆನೆದು ಅಂಟಿಕೊಂಡ ದಢೂತಿ, ಕೈಯಲ್ಲಿ ಆಗಲೇ ಅರ್ಧ ಖಾಲಿಯಾದ ಬಿಯರ್ ಹಿಡಿದು ಬಂದ. "ಏನು, ಮುಗಿಸೋಣವಾ? ನಿಮ್ಮ ಅಡುಗೆಮನೆಯಿಂದ ಭಾರೀ ವಾಸನೆ ಬರ್ತಿದೆ" ಎಂದು ಕಣ್ಣು ಹೊಡೆದ.

ಇಬ್ಬರೂ ಒಪ್ಪಬೇಕು. ನಾನು ಬೇಡ ಎಂದಿದ್ದರೆ ಮುಗಿದುಹೋಗುತ್ತಿತ್ತು, ಆಡಲೇಬೇಕಾಗುತ್ತಿತ್ತು. ಬೇಡ ಎನ್ನುವ ಎರಡಕ್ಷರದ ಮಾತು ಬಾಯಿಯ ತನಕ ಬಂದಿತ್ತೆಂದು ಬರೆದರೆ ನನಗೇ ಒಳ್ಳೆಯದು. ಬಂದಿರಲಿಲ್ಲ. ಒಂದು ನಿಮಿಷ ತಡಿ ಎಂದು ಹೇಳಿ ಅಡುಗೆಮನೆಗೆ ಓಡಿದೆ.

"ರೀ, ಎಣ್ಣಿ ಕಾದೇತಿ" ಎಂದಳು ಹೆಂಡತಿ. "ಹಿಟ್ಟು ಕಲಸಿಟ್ಟು ತಾಸಾತು, ನೀರು ಬಿಡಾಕ ಹತ್ತೇತಿ. ಗಿರ್ಮಿಟ್ಟೂ ಮೆತ್ತಗಾಗ್ತೇತಿ. ಇನ್ನ ಎಷ್ಟೊತ್ತ ಆಡ್ತಾರಂತ?"

"ಆಟ ಮುಗದಂಗ ಆತು. ನೀ ಬಿಡಾಕ ಚಾಲೂ ಮಾಡು" ಎಂದೆ.

ಅಷ್ಟೇ. ಇಪ್ಪತ್ತು ಮಂದಿ ಜರ್ಮನರಿಗೆ ಗರಿಗರಿ ಮಿರ್ಚಿ ತಿನ್ನಿಸಿ ಹೊಗಳಿಸಿಕೊಳ್ಳಬೇಕೆಂಬ ಚಪಲ. ಅದರ ಮುಂದೆ ಆ ಬೆಂಚು, ಆ ಹುಡುಗಿ, ಆ ಪಟ್ಟಿ ಸುತ್ತಿದ ಮೊಣಕಾಲು ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದಿತ್ತು, ಬಿದ್ದರೂ ಕಾಣಲಿಲ್ಲ ಎಂದರೆ ಸರಿ. ತಣ್ಣಗಾದ ಭಜಿಯನ್ನು ಅತಿಥಿಯ ಮುಂದಿಡುವುದು ನನಗೆ ಒಬ್ಬ ಮನುಷ್ಯನ ಕೊನೆಯ ಆಟಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು.

ಹಾಳೆ ತೆಗೆದುಕೊಂಡು ಕೂತೆ. ಆಫೀಸಿನಲ್ಲಿ ಪರೀಕ್ಷೆಗೆಂದು ಸುಳ್ಳು ಡೇಟಾ ತಯಾರಿಸುವುದು ನನ್ನ ದಿನದ ಕೆಲಸ. ನಿಜದಂತೆ ಕಾಣಬೇಕು, ತೀರಾ ದುಂಡಗಿರಬಾರದು, ಅಲ್ಲೊಂದು ಇಲ್ಲೊಂದು ಏರಿಳಿತವಿರಬೇಕು. ಆ ಪಳಗಿದ ಕೈಯಿಂದಲೇ ಮೂರು ಡಬಲ್ಸ್ ಬರೆದೆ. ಮನೆಗೆ ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಮೂರರಲ್ಲಿ ಎರಡನ್ನು ಅವರಿಗೆ ಬಿಟ್ಟೆ. ಮೊದಲನೆಯ ಡಬಲ್ಸ್, ಅಂದರೆ ಜೆಕ್ ಗೆಳೆಯನದು, ಅವರಿಗೇ ಹೋಯಿತು. ಮೊದಲ ಸೆಟ್ ನಮಗೆ 6-4, ಎರಡನೆಯದು ಅವರಿಗೆ 6-3, ಮೂರನೆಯ ಸೆಟ್ಟಿನ ಬದಲಿಗೆ ಆಡಿಸುವ ಹತ್ತಂಕದ ಟೈಬ್ರೇಕಿನಲ್ಲಿ 10-8ಕ್ಕೆ ಸೋಲು. ಚೆನ್ನಾಗಿ ಬಂದಿದೆ ಎಂದು ಪೆನ್ನಿನ ಮುಚ್ಚಳ ಹಾಕುವಾಗ ನನಗೆ ಸಣ್ಣ ಹೆಮ್ಮೆಯೂ ಆಯಿತು. ಥೂ!

ನಾವೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಚಿಕ್ಕವರನ್ನು ಸೇರಿಸಿಕೊಂಡು ಆಡಿದವರು. ಅವನಿಗೆ ನಾನು ಅದನ್ನು ತಿರುಗಿಸಿ ಹಾಕಿದ್ದೆ.

ಅವನಿಗೆ ವಿಷಯ ಹೇಳಿದವನು ನಾನಲ್ಲ, ನಮ್ಮ ಕ್ಲಬ್ಬಿನ ಅಧ್ಯಕ್ಷ. ಅದೂ ಮಿರ್ಚಿ ಕಚ್ಚಿ ಹಾ ಹಾ ಎಂದು ಬಾಯಿ ತೆರೆದುಕೊಂಡು, ತುಟಿಯ ಮೇಲೆ ಎಣ್ಣೆ ಇಟ್ಟುಕೊಂಡು, ಬೆರಳು ನೆಕ್ಕುತ್ತಾ: "ಇವತ್ತು ನಿನಗೆ ರಜಾ, ಬಾ ತಿನ್ನು." ಅವನು ಎರಡೂ ರ್‍ಯಾಕೆಟ್ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಬೈದಿದ್ದರೆ, ರ್‍ಯಾಕೆಟ್ ನೆಲಕ್ಕೆ ಬಡಿದಿದ್ದರೆ ನಾನು ಬದುಕುತ್ತಿದ್ದೆ. ಕೂತು ಮೊಣಕಾಲ ಪಟ್ಟಿ ಬಿಚ್ಚಿ ಉಂಡೆ ಮಾಡಿ ಜೇಬಿಗಿಟ್ಟುಕೊಂಡ. ಕೈ ತೊಳೆದು ಬಂದು ತಟ್ಟೆ ಹಿಡಿದ. ನನ್ನ ಹೆಂಡತಿಗೆ ತಲೆಬಾಗಿ, ಇದೇ ರುಚಿ, ನಿಮ್ಮೂರಿನದೇ ರುಚಿ ಎಂದ.

ಇಪ್ಪತ್ತು ವರ್ಷ ಇನ್ನೊಬ್ಬರ ಅನುಕೂಲಕ್ಕೆ ಹೊಂದಿಕೊಂಡು ಬದುಕಿದವನ ಸೌಜನ್ಯ ಅದು. ಸುತ್ತ ಎಲ್ಲರೂ ತಿನ್ನುತ್ತಿದ್ದರು. ಕಚಕಚ ಸದ್ದು, ಬಿಯರ್ ತೇಗು, ಹೊರಗೆ ಬಿಟ್ಟ ಬೂಟುಗಳಿಂದ ಬರುವ ಹಸಿ ಕಾಲುಚೀಲದ ನಾತ. ಒಬ್ಬ ಮೆಣಸಿನಕಾಯಿಯ ಬೀಜ ಉಗುಳಿ ಟೀಪಾಯಿಯ ಅಂಚಿಗೆ ಒರೆಸಿದ. ವಂಡರ್‌ಬಾರ್ ವಂಡರ್‌ಬಾರ್, ಅದ್ಭುತ ಅದ್ಭುತ ಎಂದು ನನ್ನ ಬೆನ್ನು ತಟ್ಟಿದರು. ಒಂದು ಗಂಟೆ ಮೊದಲು ಆ ಮಾತಿಗಾಗಿಯೇ ಬಾಯಿ ಬಿಟ್ಟು ಕೂತಿದ್ದವನು ನಾನು.

ಹೆಂಡತಿ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದಳು. ಅವಳಿಗೆ ಆಗಷ್ಟೇ ಗೊತ್ತಾಗಿತ್ತು.

"ಆ ಕೂಸು ಅಷ್ಟು ದೂರದಿಂದ ಬಂದಿತ್ತಲ್ರೀ. ಅವರಪ್ಪ ಆಡೇ ಇಲ್ಲಂತ?"

"ನೀನ ಅಂದೆಲ್ಲ, ಎಣ್ಣಿ ಕಾದೇತಿ ಅಂತ."

"ಎಣ್ಣಿ ಕಾದ್ರ ಒಲಿ ಆರಸಾಕ ಬರತೈತ್ರೀ" ಎಂದಳು. "ಆಟ ನಿಲ್ಲಸ್ರಿ ಅಂತ ನಾ ಅಂದೆನೇನು? ನಿಮ್ಮ ಹೊಲಸ ನನ್ನ ಕೈಗೆ ಒರಸಬ್ಯಾಡ್ರಿ."

ಹಾಳೆಯನ್ನು ಇನ್ನೂ ಟೆನಿಸ್ ಸಂಘದ ಜಾಲತಾಣಕ್ಕೆ ಏರಿಸಿರಲಿಲ್ಲ. ಹರಿದು ಹಾಕಬಹುದಿತ್ತು. ಬೆಳಕು ಬೇಕಾದಷ್ಟಿತ್ತು, ಅಂಕಣಗಳು ಖಾಲಿ ಬಿದ್ದಿದ್ದವು. ಎದುರು ತಂಡದವರ ಹತ್ತಿರ ಹೋಗಿ, ದಯವಿಟ್ಟು ಒಂದೇ ಒಂದು ಡಬಲ್ಸ್ ಆಡಿ ಎಂದು ಕೇಳಿದೆ. ದಢೂತಿ ತನ್ನ ಹೊಟ್ಟೆ ತೋರಿಸಿದ. ಇದನ್ನು ಹೊತ್ತು ಓಡಲಾ ಎಂದ. ಎಲ್ಲರೂ ನಕ್ಕರು. ಉಳಿದವರು ಸ್ನಾನ ಮಾಡಿ ತಲೆ ಬಾಚಿಕೊಂಡಾಗಿತ್ತು. ನಾನೇ ಉಣ್ಣಿಸಿ ಅವರನ್ನು ಆಡದಂತೆ ಮಾಡಿದ್ದೆ.

ಹೊರಗೆ ಬಂದೆ. ಗೋಡೆಯ ಕರಿಹಲಗೆಯ ಮೇಲೆ ಯಾರೋ ಆಗಲೇ ಹಾಳೆ ನೋಡಿ ಒಂಬತ್ತೂ ಆಟದ ಅಂಕಗಳನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಹುಡುಗಿ ಅದರ ಮುಂದೆ ನಿಂತು ಅಪ್ಪನ ಹೆಸರಿನ ಕೆಳಗೆ ಬೆರಳಿಟ್ಟು ಓದುತ್ತಿತ್ತು. ಸಿಂಗಲ್ಸ್ ಮುಗಿದಾಗ ಅದು ಐಸ್‌ಕ್ರೀಮ್ ತರಲು ರಸ್ತೆಯಾಚೆಗಿನ ಅಂಗಡಿಗೆ ಹೋಗಿತ್ತು. ಭಾನುವಾರದ ಸಾಲು ಉದ್ದವಿತ್ತಂತೆ. ಅಪ್ಪ ಹಿಂದಿನಿಂದ ಬಂದು ನಿಂತ. ಅದು ತಿರುಗಿ ಅವನನ್ನು ಏನೋ ಕೇಳಿತು. ಅವನು ಒಂದು ಮಾತು ಹೇಳಿದ. ಮಗುವಿನ ಮುಖ ಕುಗ್ಗಿತು, ಆಮೇಲೆ ಅವನ ಸೊಂಟ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿತು.

ನನಗೆ ಜೆಕ್ ಬಾರದು. ಏನಾಯಿತು ಎಂದು ಕೇಳಿದೆ. ಅವನು ಮಗಳ ತಲೆ ಸವರುತ್ತಲೇ ಇಂಗ್ಲಿಷಿನಲ್ಲಿ ಹೇಳಿದ:

"ನಾನು ಐಸ್‌ಕ್ರೀಮಿಗೆ ಹೋಗಿದ್ದಾಗ ಆಡಿದೆಯಾ ಅಂತ ಕೇಳಿದಳು. ಹೌದು ಅಂದೆ. ನಾನು ಇದ್ದಿದ್ದರೆ ನೀನು ಸೋಲ್ತಿರಲಿಲ್ಲ ಅಂತ ಅಳ್ತಿದ್ದಾಳೆ."