ಹುಳುಮನೆಯಲ್ಲಿ ಪ್ರಿಮುಲಾ

ನಮ್ಮ ಸಾಕತ್ತೆಯ ಬೈಗುಳ ತಿನ್ನದೆ ಅವಳ ಹುಳುಮನೆಯ ಹೊಸಿಲು ದಾಟಿದವರು ಯಾರೂ ಇಲ್ಲ. ಪೌಡರ್ ಬಳಿದುಕೊಂಡು ಬಂದವರಿಗೆ ಒಂದು ಬೈಗುಳ, ಬೀಡಿ ಸೇದಿ ಬಂದವರಿಗೆ ಒಂದು, ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿಯನ್ನು ತುಳಿಯದೆ ಹಾರಿ ಬಂದವರಿಗೆ ಮತ್ತೊಂದು. ರೇಷ್ಮೆ ಹುಳುವಿಗೆ ವಾಸನೆ ಆಗುವುದಿಲ್ಲ, ಕೊಳಕು ಆಗುವುದಿಲ್ಲ, ಸೆಖೆಯಂತೂ ಆಗುವುದೇ ಇಲ್ಲ. ಒಮ್ಮೆ ಇಲಾಖೆಯ ಸಾಹೇಬರೊಬ್ಬರು ಘಮ್ಮನೆ ಸೆಂಟು ಹಾಕಿಕೊಂಡು ಬಂದಿದ್ದರು. "ಸ್ವಾಮಿ, ಮದ್ವೆಗೆ ಹೊಂಟಿದ್ರಾ? ಹಂಗಾದ್ರೆ ಮೊದ್ಲು ಮದ್ವೆ ಮುಗಿಸ್ಕೊಂಡು ಬನ್ನಿ, ನನ್ ಹುಳ ಈಗ ಉಣ್ತಾ ಅವೆ" ಎಂದು ಅವರನ್ನು ಜಗಲಿಯ ಮೇಲೆಯೇ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸಿದ್ದಳು.

ಸಾಕತ್ತೆ ನನ್ನ ಅಪ್ಪನ ಅಕ್ಕ. ಕೋಡಿಹಳ್ಳಿ ಕಡೆಗೆ ಮದುವೆ ಮಾಡಿಕೊಟ್ಟಿದ್ದರಂತೆ. ಆರು ವರ್ಷವಾದರೂ ಮಕ್ಕಳಾಗಲಿಲ್ಲ. ತವರಿಗೆ ಹೋಗಿ ಬಾ ಎಂದು ಕಳಿಸಿದವರು ಮತ್ತೆ ಕರೆಯಲು ಬರಲಿಲ್ಲ. ಅಂದಿನಿಂದ ಕೂಟಗಲ್ ಹತ್ತಿರದ ನಮ್ಮೂರಿನಲ್ಲಿ, ಮನೆಯ ಹಿಂದಿನ ಹುಳುಮನೆಯೇ ಅವಳ ರಾಜ್ಯ. ಅಪ್ಪ ತೋಟದಿಂದ ಸೊಪ್ಪು ತಂದು ಹಾಕುವುದಷ್ಟೇ, ಮಿಕ್ಕಿದ್ದೆಲ್ಲ ಅವಳದು. ನಾನು ರಾಮನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಂಜೆ ಸ್ಕೂಟಿ ನಿಲ್ಲಿಸಿದ ಕೂಡಲೇ ನನಗೂ ಬೈಗುಳ ಕಾದಿರುತ್ತಿತ್ತು.

ಒಂದು ಡಿಸೆಂಬರಿನಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದವಳು, ಬರುವಾಗ ಹೈವೇ ಪಕ್ಕದ ನರ್ಸರಿಯಿಂದ ಅವಳಿಗೊಂದು ಹೂವಿನ ಕುಂಡ ತಂದೆ. ಪ್ರಿಮುಲಾ. ನೆಲಕ್ಕಂಟಿದ ಸುಕ್ಕುಸುಕ್ಕು ಎಲೆಗಳ ನಡುವೆ ಕಡುನೇರಳೆ ಹೂಗಳು, ಪ್ರತಿ ಹೂವಿನ ಮಧ್ಯೆ ಅರಿಶಿನದ ಬೊಟ್ಟು. "ಊಟಿ ಕಡೆ ಗಿಡ ಮೇಡಂ. ಚಳಿ ಇರೋ ತನಕ ಹೂ ಬಿಡುತ್ತೆ, ಬೇಸಿಗೆಗೆ ಒಣಗುತ್ತೆ, ಆಮೇಲೆ ಬಿಸಾಕಿ" ಎಂದಿದ್ದ ನರ್ಸರಿಯವನು. ಆ ಮಾತನ್ನು ಅತ್ತೆಗೆ ಹಾಗೆಯೇ ಹೇಳಿದೆ. ಅವಳು ಬಚ್ಚಲಿಗೆ ಹೋಗಿ, ಹುಳು ಮುಟ್ಟುವ ಮುಂಚೆ ತೊಳೆಯುವ ಹಾಗೆ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದು, ಆಮೇಲೆ ಕುಂಡವನ್ನು ಎತ್ತಿಕೊಂಡಳು.

ಆ ಗಿಡಕ್ಕೆ ಅವಳು ಇಟ್ಟ ಹೆಸರು ಊಟಿಯವಳು. ಬೆಳಗಿನ ಎಳೆ ಬಿಸಿಲು ಬೀಳುವ ಜಗಲಿಯ ಅಂಚಿನಲ್ಲಿ ಅವಳ ಜಾಗ, ಹತ್ತು ಗಂಟೆಗೆ ನೆರಳಿಗೆ. ನಡುವಿಗೆ ನೀರು ಬಿದ್ದರೆ ಕೊಳೆಯುತ್ತದೆಂದು ಲೋಟದಿಂದ ಕುಂಡದ ಸುತ್ತಂಚಿಗೆ ಮಾತ್ರ ನೀರು. ಬಾಡಿದ ಹೂವನ್ನು ತೊಟ್ಟಿನ ಬುಡಕ್ಕೇ ಚಿವುಟುತ್ತಿದ್ದಳು. ಇದನ್ನೆಲ್ಲ ಯಾರು ಕಲಿಸಿದರೋ! ನಾನು ಫೋನಿನಲ್ಲಿ ನೋಡಿ ಹೇಳುವಷ್ಟರಲ್ಲಿ ಅವಳು ಮಾಡಿ ಮುಗಿಸಿರುತ್ತಿದ್ದಳು. ಒಂದು ಹೂ ಹೋದರೆ ಮೂರು ಮೊಗ್ಗು ಬರುತ್ತಿದ್ದವು.

ಪಕ್ಕದ ಮನೆಯ ಜಯಮ್ಮನಿಗೆ ಇದು ಸರಿ ಕಾಣಲಿಲ್ಲ. "ಏನಕ್ಕ ಇದು, ತೊಟ್ಟು ಮೋಟು, ಕಟ್ಟಾಕೆ ಬರಾಕಿಲ್ಲ. ಮುಡಿಯಾಕೂ ಇಲ್ಲ, ದೇವ್ರಿಗೂ ಇಲ್ಲ. ಇದ್ನ ಇಟ್ಕೊಂಡು ಏನ್ ಮಾಡೀಯೆ?"

"ನೋಡ್ತೀನಿ ಕಣೆ," ಎಂದಳು ಅತ್ತೆ. "ಎಲ್ಲಾನೂ ಉಪ್ಯೋಗಕ್ಕೆ ಬರ್ಲೇಬೇಕೇನೆ? ಸುಮ್ನೆ ಒಂದ್ಕಡೆ ಕೂತಿರಬಾರ್ದಾ?"

ಮಾರ್ಚ್ ಬಂತು. ನಮ್ಮ ರಾಮನಗರದ ಬಂಡೆಗಳು ಕಾದರೆ ಕೇಳಬೇಕೆ! ಹೂ ನಿಂತಿತು, ಎಲೆಗಳು ಒಂದೊಂದಾಗಿ ಹಳದಿಯಾಗಿ ಬಿದ್ದವು. ಬುಡದಲ್ಲಿ ಹೆಬ್ಬೆರಳಿನಷ್ಟು ಹಸಿರು ಉಳಿಯಿತು. "ಸಾಕು ಅತ್ತೆ, ಬಿಸಾಕು. ಡಿಸೆಂಬರ್‌ಗೆ ಹೊಸದು ತಂದ್ಕೊಡ್ತೀನಿ" ಎಂದೆ. ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡಿದಳು.

"ಹೂ ಬಿಡ್ಲಿಲ್ಲ ಅಂತ ಆಚೆ ಹಾಕೋದು ಏನು ಅಂತ ನಂಗೊತ್ತಿಲ್ವೇನೆ? ಇವ್ಳು ಸತ್ತಿಲ್ಲ. ಜ್ವರಕ್ಕೆ ಕೂತವ್ಳೆ. ಎದ್ದೇಳ್ತಾಳೆ."

ಹುಳುಗಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಕದಲದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಯಾರೂ ಅವನ್ನು ಮುಟ್ಟುವುದಿಲ್ಲ. ಒಂದು ದಿನ ಕಳೆದರೆ ಎದ್ದು ಮತ್ತೆ ಸೊಪ್ಪು ಕೇಳುತ್ತವೆ. ಅತ್ತೆ ಆ ಲೆಕ್ಕದಲ್ಲೇ ಗಿಡವನ್ನು ನೋಡಿದ್ದಳು. ಮುಂದಿನ ಡಿಸೆಂಬರಿಗೆ ಅದೇ ಗಿಡ, ಅದೇ ಬುಡ ಹೂ ಬಿಡಬೇಕು. ಅವಳು ತನಗೆಂದು ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿನಲ್ಲೆಲ್ಲ ತಂಪಾದ ಜಾಗವೆಂದರೆ ಅವಳ ಹುಳುಮನೆ. ಕಿಟಕಿಗೆ ನೆನೆಸಿದ ಗೋಣಿಚೀಲ, ನೆಲಕ್ಕೆ ಒದ್ದೆ ಮರಳು. ಬೈಗುಳವಿಲ್ಲದೆ ಯಾರಿಗೂ ಪ್ರವೇಶವಿಲ್ಲದ ಆ ಜಾಗಕ್ಕೆ ಊಟಿಯವಳು ಹೋದಳು. ಬಡಗಣ ಕಿಟಕಿಯ ಕೆಳಗೆ, ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಮರೆಯಲ್ಲಿ ಕುಂಡ ಕೂತಿತು. ಅಪ್ಪ ರೇಗಿದ. "ಅಕ್ಕ, ಊರಿಗೆಲ್ಲ ಬುದ್ಧಿ ಹೇಳೋಳು ನೀನೇ ಆಚೆ ಗಿಡ ತಂದಿಟ್ಟಿದ್ದೀಯಲ್ಲ, ಹುಳ ಕೆಟ್ರೆ?"

"ಕೆಟ್ರೆ ನನ್ನ ಕೇಳು. ಈಗ ಸೊಪ್ಪು ತತ್ತಾ ಹೋಗು."

ಹುಳು ಕೆಡಲಿಲ್ಲ. ಮೇ ಕೊನೆಯ ಹೊತ್ತಿಗೆ ಗೂಡು ಮಾರ್ಕೆಟ್ಟಿಗೆ ಹೋಯಿತು. ಗಿಡದ ಬುಡದಲ್ಲಿ ಇಲಿಯ ಕಿವಿಯಷ್ಟು ಎರಡು ಹೊಸ ಎಲೆ ಬಂದವು. ಅತ್ತೆ ನನ್ನನ್ನು ಕೈ ತೊಳೆಸಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಅದೇ ವಾರ ಅವಳಿಗೆ ಉಸಿರು ಕಟ್ಟಿತು. ರಾಮನಗರದ ಆಸ್ಪತ್ರೆಗೆ ಸೇರಿಸಿದೆವು, ಹಾರ್ಟು ವೀಕಾಗಿದೆ ಎಂದರು. ಮೂಗಿಗೆ ಆಕ್ಸಿಜನ್ ಪೈಪು ಸಿಕ್ಕಿಸಿದ್ದರೂ ಅವಳಿಗೆ ಮುಂದಿನ ಬೆಳೆಯದೇ ಯೋಚನೆ. "ಹುಳದ ಮನೆ ತೊಳಿಬೇಕು ಕಣೆ. ಮೊದ್ಲು ಅವಳನ್ನ ಆಚೆ ಇಡು. ಆಮೇಲೆ ತೊಳಿ."

ಮರುದಿನ ಭಾನುವಾರ. ಅವಳು ಕಲಿಸಿದ ಹಾಗೆಯೇ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ಅಂಗಳಕ್ಕೆ ಸಾಗಿಸುತ್ತಿದ್ದೆ. ಅಷ್ಟರಲ್ಲಿ ಸ್ಕೂಲಿನಿಂದ ಫೋನು ಬಂತು, ಯಾವುದೋ ಪಟ್ಟಿ ಅರ್ಜೆಂಟಾಗಿ ಬೇಕಂತೆ. ಜಗಲಿಯಲ್ಲಿ ಕೂತು ಅದನ್ನು ಕಳಿಸಿ ಮುಗಿಸಿ ಬಂದವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲೀಚಿಂಗ್ ಪೌಡರು, ಸುಣ್ಣ ಕಲಸಿದ ನೀರನ್ನು ಗೋಡೆ, ನೆಲ, ಮೂಲೆಮೂಲೆಗೂ ಪಂಪಿನಿಂದ ಹೊಡೆದೆ. ಅತ್ತೆ ಇದ್ದಿದ್ದರೂ ತಪ್ಪು ಹುಡುಕಬಾರದು, ಹಾಗೆ ಹೊಡೆದೆ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದೆ, ಒಂದು ದಿನ ಹಾಗೆಯೇ ಬಿಡಬೇಕು. ಸೋಮವಾರ ತರಗತಿಯಲ್ಲಿ ಕ್ಲೋರಿನ್ ಪಾಠ ಮಾಡುವಾಗ ನೆನಪಾಯಿತು. ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

ಓಡಿ ಬಂದು ಬಾಗಿಲು ತೆಗೆದರೆ, ಸ್ಟ್ಯಾಂಡಿನ ಮರೆಯಲ್ಲಿ ಎಲೆಗಳು ಬೆಂದ ಸೊಪ್ಪಿನ ಹಾಗೆ ಕುಂಡದ ಅಂಚಿಗೆ ಅಂಟಿಕೊಂಡಿದ್ದವು. ಮಣ್ಣು ತೊಳೆದೆ, ಬೇರು ತೊಳೆದೆ, ಹೊಸ ಮಣ್ಣಿಗೆ ಹಾಕಿದೆ. ಎರಡು ದಿನಕ್ಕೆ ಬುಡವೂ ಕಪ್ಪಾಯಿತು. ಆ ಗಿಡದ ಮುಂದೆ ಕೂತು ನಾನು ಅತ್ತದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಆಸ್ಪತ್ರೆಗೆ ಹೋದಾಗಲೆಲ್ಲ ಅತ್ತೆಯ ಮೊದಲ ಮಾತು ಅದೇ. "ಊಟಿಯವಳು ಹೆಂಗವ್ಳೆ?"

"ಚೆನ್ನಾಗವ್ಳೆ ಅತ್ತೆ."

"ಎದ್ಲಾ?"

"ಎದ್ಲು. ಇನ್ನೊಂದು ಎಲೆ ಬಿಟ್ಟವ್ಳೆ."

ಹೀಗೆ ಒಂಬತ್ತು ದಿನ ಸುಳ್ಳು ಹೇಳಿದೆ. ದಿನಕ್ಕೊಂದು ಎಲೆ ಹೆಚ್ಚಿಸಿದೆ. ನರ್ಸರಿಗೂ ಹೋಗಿ ಬಂದೆ, ಜೂನ್ ತಿಂಗಳಲ್ಲಿ ಪ್ರಿಮುಲಾ ಎಲ್ಲಿಂದ ಬರಬೇಕು? ಹತ್ತನೇ ದಿನ ಅವಳು ಹಾಸಿಗೆಯಲ್ಲಿ ಒರಗಿ ಕೂತು, ಡಿಸೆಂಬರಿಗೆ ಕುಂಡವನ್ನು ಎಲ್ಲಿ ಇಡಬೇಕು, ಜಯಮ್ಮನನ್ನು ಕರೆದು ಹೇಗೆ ತೋರಿಸಬೇಕು ಎಂದೆಲ್ಲ ಹೇಳತೊಡಗಿದಳು. ನನ್ನಿಂದ ತಡೆಯಲಾಗಲಿಲ್ಲ.

"ಅತ್ತೆ, ಅವ್ಳು ಇಲ್ಲ. ಆಚೆ ಇಡೋದು ಮರ್ತೆ. ಔಷ್ದಿ ಹೊಡ್ದುಬುಟ್ಟೆ."

ಅವಳು ನನ್ನನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವಳು ಕೇಳಿದಳು.

"ಮೂಲೆಗೆಲ್ಲ ಸರ್ಯಾಗಿ ಹೊಡೆದ್ಯಾ?"

"ಹೊಡೆದೆ."

"ಕಿಟ್ಕಿ ಕೆಳಗೆ?"

"ಅಲ್ಲೂ ಹೊಡೆದೆ ಅತ್ತೆ."

"ಹಂಗಾದ್ರೆ ಹುಳ ಚೆನ್ನಾಗಿ ಬತ್ತವೆ, ಬುಡು" ಎಂದಳು. ಗೋಡೆಯ ಕಡೆ ಹೊರಳಿದಳು. ಅವಳ ಬೆನ್ನು ಮೆಲ್ಲಗೆ ಅಲುಗುತ್ತಿತ್ತು. ನಾನು ಕೈಯಿಟ್ಟಾಗ, ನನಗೋ ತನಗೋ ಎಂಬಂತೆ ಹೇಳಿದಳು: "ಅವ್ಳಿಗೆ ಎಷ್ಟ್ ಉರಿ ಆಗಿರ್ಬೇಕು."

ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಎರಡು ದಿನದ ಮೇಲೆ ನಸುಕಿನಲ್ಲಿ ಹೋದಳು. ಆ ಬೆಳೆ ನಿಜಕ್ಕೂ ಚೆನ್ನಾಗಿ ಬಂತು. ಹುಳುಮನೆಗೆ ಈಗ ಯಾರು ಹೇಗೆ ಬಂದರೂ ಕೇಳುವವರಿಲ್ಲ. ಪೌಡರಿಗೆ ಬೈದಳು, ಚಪ್ಪಲಿಗೆ ಬೈದಳು, ಹತ್ತು ನಿಮಿಷ ತಡವಾಗಿ ಬಂದಿದ್ದಕ್ಕೆ ಬೈದಳು. ಇದೊಂದಕ್ಕೆ ಮಾತ್ರ ಬೈಯದೆ ಹೋಗಿಬಿಟ್ಟಳಲ್ಲ!