ಇಪ್ಪತ್ತು ಮೈಕ್ರಾನ್ ಯಾರದು

ರಬಾಳೆಯ ಕಾರ್ಖಾನೆಗೆ ಸಿಎನ್‌ಸಿ ಪ್ರೋಗ್ರಾಮರನಾಗಿ ಸೇರಿದಾಗ ನನಗೆ ಜಂಬವೇನೂ ಕಡಿಮೆ ಇರಲಿಲ್ಲ. ನಾನು ಕಂಪ್ಯೂಟರಿನಲ್ಲಿ ಬರೆದಂತೆ ಮಷಿನ್ನು ಲೋಹ ಕೊರೆಯುತ್ತದೆ, ಮುಗಿಯಿತು. ಆರು ತಿಂಗಳು ಸರಿಯಾಗಿ ನಡೆದರೆ ಕೆಲಸ ಖಾಯಂ ಎಂದಿದ್ದರು.

ಮೊದಲು ಕೊಟ್ಟದ್ದು ಪಂಪಿಗೆ ಹೋಗುವ ಅಲ್ಯೂಮಿನಿಯಂ ಬಳೆ. ಒಳಗಿನ ತೂತು ನಲವತ್ತು ಮಿಲಿಮೀಟರ್. ಹತ್ತು ಮೈಕ್ರಾನ್ ಆಚೀಚೆ ಆದರೆ ನಡೆಯುತ್ತದೆ, ಅದೂ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಬೆಳಗಿನ ಪಾಳಿಯಲ್ಲಿ ಮಷಿನ್ನು ನಡೆಸುತ್ತಿದ್ದವರು ಕಲಬುರ್ಗಿ ಕಡೆಯವರು, ದಿವಾದಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದರು. ಎಲ್ಲರಿಗೂ ಅವರು ಕಾಕಾ. ಅವರ ಪೀಸುಗಳೆಲ್ಲ ತಪಾಸಣೆ ಕೋಣೆಯಲ್ಲಿ ಪಾಸ್. ಅದೇ ಮಷಿನ್ನು, ಅದೇ ಪ್ರೋಗ್ರಾಮು, ಮಧ್ಯಾಹ್ನದ ಪಾಳಿಯ ಪೀಸುಗಳ ತೂತು ಮಾತ್ರ ಚಿಕ್ಕದು.

ನಾನೇ ಅಳೆದು ನೋಡಿದೆ. ಮಷಿನ್ನಿನ ಪಕ್ಕ ನಿಂತು ಅಳೆದರೆ ಮಧ್ಯಾಹ್ನದ್ದು ಕರಾರುವಾಕ್ಕು, ಕಾಕಾರದ್ದೇ ದೊಡ್ಡದು. ಎಸಿ ಹಾಕಿದ ತಪಾಸಣೆ ಕೋಣೆಗೆ ಹೋದರೆ ನನ್ನ ಸರಿಯೆಲ್ಲ ತಪ್ಪು, ತಪ್ಪೆಲ್ಲ ಸರಿ. ಇಂಗು ತಿಂದ ಮಂಗನಂತಾದೆ. ಕಾಕಾ ಮನೆಗೆ ಹೋದ ಮೇಲೆ ಪರದೆಯಲ್ಲಿ ಆಫ್‌ಸೆಟ್ ಪುಟ ತೆಗೆದೆ. ಮಷಿನ್ನು ನಡೆಸುವವರು ಅಳತೆ ತಿದ್ದಲು ಅಂಕಿ ತುಂಬುವ ಜಾಗ ಅದು. ಅಲ್ಲಿ ಸೊನ್ನೆ. ಎಂಟು ದಿನ ನೋಡಿದೆ, ಎಂಟು ದಿನವೂ ಸೊನ್ನೆ. ಕಾಕಾರನ್ನೇ ಕೇಳಬಹುದಿತ್ತು. ಡಿಪ್ಲೊಮಾ ಮಾಡಿದವನು ಹೋಗಿ ಕೇಳುವುದೇ?

ಶುಕ್ರವಾರ ಕಾರ್ಖಾನೆಗೆ ವಾರದ ರಜೆ. ವರ್ತಕ ನಗರದಲ್ಲಿ ಅಪ್ಪ ನಡೆಸುವ ಹೋಟೆಲಿನಲ್ಲಿ ಎರಡು ಸ್ಟೀಲ್ ಲೋಟ ಒಂದರೊಳಗೊಂದು ಕಚ್ಚಿಕೊಂಡಿದ್ದವು. ಅಪ್ಪ ಹೊರಗಿನದನ್ನು ಬಿಸಿನೀರಿನಲ್ಲಿಟ್ಟು ಒಳಗಿನದಕ್ಕೆ ತಣ್ಣೀರು ಹೊಯ್ದು ಸಲೀಸಾಗಿ ಬಿಡಿಸಿದರು.

"ಅದೆಂತ ಹಾಗೆ ಕಾಣ್ತಿ? ಬಿಸಿಗೆ ಹಿಗ್ತದೆ," ಎಂದರು.

ಆಗ ಹೊಳೆಯಿತು. ಕೊರೆದು ಬಿಸಿಯಾದ ಬಳೆ ಎಸಿಯಲ್ಲಿ ತಣ್ಣಗಾಗಿ ಕುಗ್ಗುತ್ತಿದೆ. ಶನಿವಾರ ಕಾಕಾ ಹೋದ ಮೇಲೆ ಪ್ರೋಗ್ರಾಮಿನಲ್ಲೇ ತೂತನ್ನು ಇಪ್ಪತ್ತು ಮೈಕ್ರಾನ್ ಹಿಗ್ಗಿಸಿದೆ. ಮಧ್ಯಾಹ್ನದ ಪೀಸುಗಳೆಲ್ಲ ಪಾಸಾದವು. ನನಗೆ ನೆಲ ಕಾಣಲಿಲ್ಲ. ಕಾಕಾರಿಗೆ ಹೇಳಲಿಲ್ಲ, ತಾವಾಗಿ ತಿಳಿದು ಬೆರಗಾಗಲಿ ಎಂಬ ಆಸೆ.

ಭಾನುವಾರ ಬೆಳಿಗ್ಗೆ ಕಾಕಾರ ಅರವತ್ತು ಪೀಸು ಕೆಟ್ಟವು. ತೂತು ದೊಡ್ಡದಾದರೆ ಮತ್ತೆ ಚಿಕ್ಕದು ಮಾಡಲಾಗದು, ಗುಜರಿಗೇ ಹಾಕಬೇಕು. ಕಾಕಾರ ಪೀಸೆಂದರೆ ಮೊದಲನೆಯದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಮ್ಯಾನೇಜರು ಇಬ್ಬರನ್ನೂ ಕರೆದರು.

"ನಾನು ರೋಜ್ ಇಪ್ಪತ್ತು ಹಾಕತೀನ್ರಿ, ಪಾಳಿ ಮುಗಿದ ಮ್ಯಾಲ ಸೊನ್ನೆ ಮಾಡಿ ಹೋಗತೀನಿ. ನನ್ನ ಲೆಕ್ಕ ಇನ್ನೊಬ್ಬರ ತಲಿಗೆ ಯಾಕ?" ಎಂದರು ಕಾಕಾ.

ಅವರ ಇಪ್ಪತ್ತು, ನನ್ನ ಇಪ್ಪತ್ತು, ಸೇರಿ ನಲವತ್ತು. ನನಗೆ ಆ ಕ್ಷಣವೇ ಅರ್ಥವಾಯಿತು. ಮ್ಯಾನೇಜರು ನನ್ನ ಕಡೆ ತಿರುಗಿದರು.

"ಪ್ರೋಗ್ರಾಮ್ ಸರಿಯಾಗಿದೆ, ಸರ್," ಎಂದೆ. ಅದು ಸುಳ್ಳಲ್ಲ. ಶನಿವಾರ ಅದನ್ನು ತಿದ್ದಿದ್ದೆ ಎಂಬುದನ್ನು ಮಾತ್ರ ಮುಚ್ಚಿಟ್ಟೆ. ಇಬ್ಬರೂ ಸರಿ, ಕೆಲಸ ಮಾತ್ರ ಹಾಳು. ಇದರಲ್ಲಿ ತಪ್ಪು ಎಲ್ಲಿದೆ ಎಂದು ನನಗೇ ಬಗೆಹರಿಯಲಿಲ್ಲ. ಕಾಕಾರನ್ನು ಮಷಿನ್ನಿನಿಂದ ತೆಗೆದು, ಪೀಸಿನ ಅಂಚು ಉಜ್ಜುವ ಬೆಂಚಿನಲ್ಲಿ ಕೂರಿಸಿದರು.

ಎರಡು ದಿನ ಅತ್ತ ಸುಳಿಯಲಿಲ್ಲ. ಮೂರನೆಯ ದಿನ ಹೋಗಿ, "ಕಾಕಾ, ನಾನೂ ಇಪ್ಪತ್ತು ಹಾಕಿದ್ದೆ," ಎಂದೆ.

ಅರದಿಂದ ಅಂಚು ಉಜ್ಜುತ್ತಿದ್ದ ಅವರ ಕೈ ನಿಲ್ಲಲಿಲ್ಲ. "ಮ್ಯಾನೇಜರಗ ಹೇಳಿದಿ?"

"ಇಲ್ಲ."

"ಹಂಗಾರ ನನಗ್ಯಾಕ ಹೇಳತಿ, ತಮ್ಮಾ?"

ಅಷ್ಟು ದಿನ ತಮಾಷೆಗಾದರೂ 'ಸಾಹೇಬ್ರ' ಎನ್ನುತ್ತಿದ್ದವರು. ನಾಚಿಕೆಯಾಯಿತು. ಮೆಟ್ಟಿಲು ಹತ್ತಿ ಹೋಗಿ ಹೇಳಿದೆ. ಮ್ಯಾನೇಜರು ಬೈಯಲಿಲ್ಲ, ನನ್ನ ಖಾಯಮಾತಿಯನ್ನು ಇನ್ನೂ ಆರು ತಿಂಗಳು ಮುಂದೆ ಹಾಕಿದರು, ಕಾಕಾ ಮಷಿನ್ನಿಗೆ ಮರಳಿದರು.

ಮರುದಿನ ಮಷಿನ್ನು ಶುರು ಮಾಡುವ ಮುಂಚೆ, ಇಡೀ ಕಾರ್ಖಾನೆಗೆ ಕೇಳುವಂತೆ ಅವರು ಕೂಗಿದರು: "ಸಾಹೇಬ್ರ, ಇವತ್ತಿಂದು ಇಪ್ಪತ್ತು ನೀವು ಹಾಕತೀರೋ, ನಾ ಹಾಕಲೋ?"

ಆ ಕಾರ್ಖಾನೆಯಲ್ಲಿ ನಾನಿದ್ದಷ್ಟು ವರ್ಷವೂ ಪ್ರತಿ ಬೆಳಿಗ್ಗೆ ಅದನ್ನು ಕೇಳಿದರು. ಪ್ರತಿ ಬೆಳಿಗ್ಗೆ ನಾನು ಕುರ್ಚಿಯಿಂದೆದ್ದು ಅವರ ಬಳಿಗೆ ಹೋಗಿ ಉತ್ತರ ಕೊಟ್ಟೆ.