ಆಕಾಶ ಕೇಳುವ ರೇಡಿಯೋದ ಮಹಜರು

ದಡ್ಡತನಕ್ಕೂ ಸರ್ಕಾರ ಸೈಕಲ್ಲು ಕೊಟ್ಟು ಕಳಿಸುತ್ತದೆ ಅಂತ ನನಗೆ ಗೊತ್ತಾಗಿದ್ದು ಅಜ್ಜಂಪುರದಾಚೆಯ ಒಂದು ಬೋರೆಯ ಮೇಲೆ. ಅರವತ್ತರ ದಶಕದ ಕೊನೆ. ಅಲ್ಲಿ ನಾವು ಕೆಲವು ವಿಜ್ಞಾನಿಗಳು ದೊಡ್ಡ ಆಂಟೆನಾ ನಿಲ್ಲಿಸಿಕೊಂಡು, ನಕ್ಷತ್ರಗಳ ನಡುವಿನ ಅನಿಲದಲ್ಲಿ ಮಾಮೂಲಿಗಿಂತ ತುಸು ಭಾರವಾದ, ಅಪರೂಪದ ಆಮ್ಲಜನಕ ಹೊಮ್ಮಿಸುವ ರೇಡಿಯೋ ಅಲೆಯ ಸದ್ದು ಹುಡುಕುತ್ತಿದ್ದೆವು. ಆಗ ಮನೆಯ ರೇಡಿಯೋಗೂ ಲೈಸೆನ್ಸ್ ಬೇಕಿತ್ತು; ಒಂದು ಬೆಳಿಗ್ಗೆ ರೇಡಿಯೋ ಲೈಸೆನ್ಸ್ ಇನ್ಸ್‌ಪೆಕ್ಟರು ಸರ್ಕಾರಿ ಸೈಕಲ್ಲಿನಲ್ಲಿ ಬಂದಿಳಿದರು.

"ಲೈಸೆನ್ಸ್ ಎಲ್ರೀ? ಇಲ್ದಿದ್ರೆ ಸೆಟ್ಟು ಜಪ್ತಿ."

"ಇದು ಹಾಡು ಕೇಳೋ ರೇಡಿಯೋ ಅಲ್ಲ ಸ್ವಾಮಿ, ಆಕಾಶ ಕೇಳೋದು," ಅಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಇನ್ಸ್‌ಪೆಕ್ಟರು ದನ ಮೇಯಿಸುತ್ತಿದ್ದ ಇಬ್ಬರನ್ನು ಕರೆದು ಸಾಕ್ಷಿಗೆ ಪಂಚರೆಂದು ಕೂರಿಸಿ, ಮಹಜರು ಶುರುಮಾಡಿಯೇ ಬಿಟ್ಟರು. ಮೊದಲು ತಾವು, ಆಮೇಲೆ ಪಂಚರು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು.

"ಬರೀ ಸುಯ್ ಅಂತೈತೆ ಕಣ್ರೀ," ಅಂದ ಒಬ್ಬ ಪಂಚ.

ಇನ್ಸ್‌ಪೆಕ್ಟರು ನನ್ನತ್ತ ತಿರುಗಿದರು. "ಎಷ್ಟು ದಿನದಿಂದ ಹಿಂಗೆ?"

"ಮೂರು ತಿಂಗಳಿಂದ."

"ನೀವು ಹುಡುಕ್ತಿರೋದು ಕೇಳಿಸ್ತಾ?"

"ಇನ್ನೂ ಇಲ್ಲ."

ಅವರು ಮರುಕದಿಂದ ನನ್ನನ್ನೊಮ್ಮೆ ನೋಡಿ ಬರೆದರು: "ಸೆಟ್ಟು ಕೆಟ್ಟಿದೆ. ಲೈಸೆನ್ಸಿನ ಅಗತ್ಯವಿಲ್ಲ." ಪಂಚರು ಹೆಬ್ಬೆಟ್ಟು ಒತ್ತಿದರು.

ನಮ್ಮ ಮೂರು ತಿಂಗಳ ಸಂಶೋಧನೆಯಲ್ಲಿ ಸಾಕ್ಷಿಸಮೇತ ಸಾಬೀತಾದದ್ದು ಅದೊಂದೇ.